ಮಗಳ ಎಡ ಮಂಡಿ

ನನ್ನ ಮಗಳು ಐರ್ಲೆಂಡಿನ ಪರವಾಗಿ ವೇಗದ ನಡಿಗೆಗೆ ಇಳಿದಳು. ಓಟವಲ್ಲ, ನಡಿಗೆ. ಒಂದು ಪಾದ ಸದಾ ನೆಲದ ಮೇಲಿರಬೇಕು, ಊರಿದ ಕಾಲು ಮಂಡಿಯಲ್ಲಿ ಬಾಗಬಾರದು; ಮೂವರು ತೀರ್ಪುಗಾರರು ತಪ್ಪು ಹಿಡಿದರೆ ಹೊರಗೆ. ಎಷ್ಟೋ ದೇಶಗಳು ಸೇರುವ ಆ ಕ್ರೀಡಾಕೂಟದಲ್ಲಿ ಈ ಸ್ಪರ್ಧೆಗೆ ನಮ್ಮ ಪುಟ್ಟ ದೇಶದಿಂದ ಹೋದವಳು ಅವಳೊಬ್ಬಳೇ.

ಐರ್ಲೆಂಡಿನ ನಮ್ಮ ಊರು ಬ್ಯಾಲಿನ್‌ಕೊಲಿಗ್‌ನಲ್ಲೇ ಹುಟ್ಟಿ ಬೆಳೆದವಳು. ಅವಳ ಕೋಚ್ ನಿವೃತ್ತ ಪೋಸ್ಟ್‌ಮ್ಯಾನ್. ಸೊಂಟನೋವಿನಿಂದ ಅವಳ ಜೊತೆಗೆ ಸುತ್ತಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಏಳು ವರ್ಷ, ಆಫೀಸಿಗೆ ಲಾಗಿನ್ ಆಗುವ ಮುಂಚೆ, ನದಿದಂಡೆಯ ಪಾರ್ಕಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಸೈಕಲ್ ಮೇಲೆ ಅವಳ ಹಿಂದೆ ಹೋಗುತ್ತಿದ್ದವನು ನಾನು.

ಸ್ಪರ್ಧೆಯ ದಿನ ನಾನೂ ಹೆಂಡತಿಯೂ ರಸ್ತೆಯಂಚಿನ ಬೇಲಿಗೆ ಆತು ನಿಂತಿದ್ದೆವು. ಶುರುವಿನಲ್ಲಿ ಮೊದಲ ಇಪ್ಪತ್ತು ಮಂದಿಯೊಳಗಿದ್ದಳು. ಅರ್ಧ ದಾರಿ ಆಗುವಷ್ಟರಲ್ಲಿ ಬೋರ್ಡಿನಲ್ಲಿ ಅವಳ ನಂಬರಿನ ಮುಂದೆ, ಮಂಡಿ ಬಾಗಿತೆಂದು, ಎರಡು ಕೆಂಪು ಗುರುತು ಬಿದ್ದವು. ಮುಂದಿನ ಸುತ್ತಿನಲ್ಲಿ, ನಮ್ಮಿಂದ ಹತ್ತು ಮಾರು ದೂರದಲ್ಲೇ, ಟೋಪಿ ಹಾಕಿದ್ದ ತೀರ್ಪುಗಾರ್ತಿಯೊಬ್ಬಳು ಅವಳ ಮುಂದೆ ಕೆಂಪು ಫಲಕ ಎತ್ತಿದಳು. ಮಗಳು ಪಕ್ಕಕ್ಕೆ ಸರಿದು, ಎದೆಯ ಮೇಲಿನ ನಂಬರಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು.

"ಐಯಾಮ್ ಗ್ರ್ಯಾಂಡ್, ಅಮ್ಮ," ಎಂದಳು, ನನಗೇನೂ ಆಗಿಲ್ಲ ಎಂದು ಇಲ್ಲಿಯವರು ಹೇಳುವ ಹಾಗೆ, ನಾವು ಏನೂ ಕೇಳದಿದ್ದರೂ.

ಕೋಚ್ ಅವಳಿಗೆ ಫೋನ್ ಮಾಡಿ, ತೀರ್ಪೇ ತಪ್ಪು, ಸಣ್ಣ ದೇಶದವರೆಂದರೆ ಇವರಿಗೆ ಸಸಾರ ಎಂದು ಬೈದರು. ಮನೆಗೆ ಬಂದ ಮೂರನೆಯ ದಿನ, ನಾನು ದೋಸೆ ಹುಯ್ಯುತ್ತಿದ್ದಾಗ, ಮಗಳು ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು: ದಿನಾ ಹಿಂದಿನಿಂದ ನೋಡುತ್ತಿದ್ದೆಯಲ್ಲ ಅಪ್ಪ, ನನ್ನ ಎಡ ಮಂಡಿ ಬಾಗುತ್ತಿತ್ತಾ?

ಬಾಗುತ್ತಿತ್ತು. ದಣಿದಾಗ ಮಾತ್ರ. ಒಂದು ವರ್ಷದಿಂದ ಕಂಡಿದ್ದೆ. ಕೋಡ್ ಬರೆಯುವವನಿಗೆ ಏನು ಗೊತ್ತು, ಕೋಚ್‌ಗೆ ಕಾಣದ್ದು ನನಗೆ ಕಂಡೀತೇ ಎಂದುಕೊಂಡಿದ್ದೆ. ಅವಳ ಹುರುಪು ಕೆಡಿಸಲು ಮನಸ್ಸೂ ಬಂದಿರಲಿಲ್ಲ.

"ಸ್ವಲ್ಪ ಬಾಗ್ತಿತ್ತು ಪುಟ್ಟಿ. ನಾನ್ ಹೇಳ್ಬೇಕಿತ್ತು."

ಅವಳು ಬೈಯಲಿಲ್ಲ. ತಟ್ಟೆ ತೊಳೆದಿಟ್ಟು ಮಹಡಿ ಹತ್ತಿ ಹೋದಳು. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು.

ಆಮೇಲೆ ಅವಳು ಅಭ್ಯಾಸಕ್ಕೆ ಹೋಗಲೇ ಇಲ್ಲ. ಚಳಿ ಕಳೆದ ಮೇಲೆ ಶುರು ಮಾಡೋಣ ಎಂದು ಕೋಚ್ ಎರಡು ಸಲ ಮನೆಗೆ ಬಂದರು, ಮೂರನೆಯ ಸಲ ಬರಲಿಲ್ಲ. ಈಗ ಡಬ್ಲಿನ್‌ನಲ್ಲಿ ಅವಳಿಗೆ ಕೆಲಸ. ಭಾನುವಾರ ಅಮ್ಮನಿಗೆ ಫೋನ್ ಮಾಡುತ್ತಾಳೆ, ಅಪ್ಪ ಹೇಗಿದ್ದಾರೆ ಎಂದು ವಿಚಾರಿಸುತ್ತಾಳೆ. ಫೋನ್ ಅಪ್ಪನಿಗೆ ಕೊಡು ಎನ್ನುವುದಿಲ್ಲ. ಮುಂದಿನ ಕೂಟದಲ್ಲಿ ಆ ಸ್ಪರ್ಧೆಗೆ ನಮ್ಮ ದೇಶದಿಂದ ಯಾರೂ ಹೋಗಲಿಲ್ಲ. ನಾನು ಟಿವಿ ಹಾಕಲಿಲ್ಲ.