ದೇವಿಯ ಟಗರಿನ ನಕಲು

ಗುಡೇಕೋಟೆಯಲ್ಲಿ ನಮ್ಮ ಪಕ್ಕದ ಮನೆಯ ಕುರಿಗಾರ ಪೇಪರಿನಲ್ಲಿ ವಿಜ್ಞಾನದ ಸುದ್ದಿಯನ್ನೇ ಹುಡುಕಿ ಓದುತ್ತಿದ್ದ. ಓದಿದವನೇ ಅಂಗೈಯಿಂದ ಪೇಪರಿಗೊಂದು ಏಟು ಹಾಕಿ, "ಇದರಾಗ ನಮಗೇನು ಲಾಭ ಐತಿ?" ಎನ್ನುತ್ತಿದ್ದ. ಚಂದ್ರನಲ್ಲಿ ನೀರಿದೆ ಎಂದರೆ, "ಸೇದಾಕ ಹಗ್ಗ ಎಷ್ಟುದ್ದ ಬೇಕಲೇ?"

ಒಂದು ಕುರಿಯಿಂದ ಅದರಂಥದೇ ಇನ್ನೊಂದನ್ನು ತಯಾರಿಸಿದ ಸುದ್ದಿ ಬಂದ ದಿನ ಮಾತ್ರ ಏಟು ಬೀಳಲಿಲ್ಲ. ದೇವಿಗೆ ಹರಕೆ ಹೊತ್ತು ಬಿಟ್ಟಿದ್ದ ಟಗರು ಚೆನ್ನಾಗಿ ಕೊಬ್ಬಿತ್ತು. ಒಪ್ಪಿಸಲು ಅವನಿಗೆ ಮನಸ್ಸಿರಲಿಲ್ಲ.

"ಇದರಾಗ ಲಾಭ ಐತಿ ನೋಡು," ಎಂದು ಹೆಂಡತಿಯನ್ನು ಕೂಗಿದ. "ನಕಲು ದೇವಿಗೆ, ಅಸಲು ನಮಗ."

ರೊಟ್ಟಿ ಬಡಿಯುತ್ತಿದ್ದ ಆಕೆ ತಲೆ ಎತ್ತಲಿಲ್ಲ. "ದೇವಿನೂ ನಿನ್ನ ನಕಲು ಮಾಡಿ ನನಗ ಕೊಟ್ಟು, ಅಸಲು ತಾನ ಒಯ್ದಾಳು."

ಸ್ವಲ್ಪ ಹೊತ್ತಿಗೆ ಪೇಪರಿಗೆ ಏಟು ಬಿದ್ದ ಸದ್ದು ನಮ್ಮ ಮನೆಗೂ ಕೇಳಿಸಿತು. ಮರುದಿನ ಟಗರು ಗುಡಿಯ ದಾರಿ ಹಿಡಿದಿತ್ತು.