ಮಾಸಿನ ಮೇಲಿನ ತೆಂಗು

ಇನ್ನಂಜೆಯ ಕುಶಲಾಳಿಗೆ ಹಿತ್ತಿಲಿನ ಒಂದು ತೆಂಗಿನ ಮರವನ್ನು ಕಂಡರಾಗುತ್ತಿರಲಿಲ್ಲ. ಹೇಗಾದೀತು? ಆ ಮರ ಎಂಟು ವರ್ಷ ಅವಳ ವಿರುದ್ಧ ಸಾಕ್ಷಿ ಹೇಳಿತ್ತು.

ತವರಿನಲ್ಲಿ ತಾಯಿ ಇಲ್ಲದ್ದರಿಂದ ಚೊಚ್ಚಲ ಹೆರಿಗೆ ಗಂಡ ಶೀನನ ಮನೆಯಲ್ಲೇ ಆಯಿತು. ಅದು ೧೯೭೯. ದಿನ ತುಂಬಿ ಹುಟ್ಟಿದರೂ ಹೆಣ್ಣುಮಗು ಅಂಗೈಯಷ್ಟೇ ಇತ್ತು. ಮಗುವಿನ ಹಿಂದೆ ಬಂದ ಮಾಸನ್ನು ಅತ್ತೆ ಗಿರಿಜಕ್ಕ ಹಿತ್ತಿಲಲ್ಲಿ ಹೂತು, ಮೇಲೊಂದು ತೆಂಗಿನ ಸಸಿ ನೆಟ್ಟರು. ಸಸಿ ಸೊಕ್ಕಿ ಬೆಳೆಯಿತು. ಮಗು ನಿಧಾನಕ್ಕೆ ಬೆಳೆಯಿತು.

"ಮರ ನೋಡಿ! ಮಾಸಿನಲ್ಲಿ ಸತ್ವ ಇತ್ತು. ಇವಳೇ ಮಗುವನ್ನು ಹೊಟ್ಟೆಯೊಳಗೆ ಉಪವಾಸ ಕೆಡವಿದ್ದು," ಎಂದು ಅತ್ತೆ ಬಂದವರಿಗೆಲ್ಲ ತೋರಿಸಿದರು. ಜಲಜ ಎಂಬ ಚಂದದ ಹೆಸರಿದ್ದ ಹುಡುಗಿಯನ್ನು 'ಅರೆಹೊಟ್ಟೆ' ಎಂದೇ ಕರೆದರು. ಬಸುರಿನಲ್ಲಿ ಹೊಟ್ಟೆ ತುಂಬ ಗಂಜಿ ಉಂಡಿದ್ದ ಕುಶಲಾಳ ಮೈ ಉರಿಯುತ್ತಿತ್ತು. ಶೀನನಿಗೋ, ತಾಯಿಯೆದುರು ಬಾಯಿಗೆ ಬೀಗ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸುಳ್ಳು. ಇಲ್ಲಿ ಕಾಲ ಬಂದದ್ದು ಅತ್ತೆಯ ಮಗಳಿಗೆ.

೧೯೮೭ರಲ್ಲಿ ಆ ಮಗಳು, ಬೇಬಿ, ಬಾಣಂತನಕ್ಕೆ ತವರಿಗೆ ಬಂದು, ಮಣಿಪಾಲದ ಆಸ್ಪತ್ರೆಯಲ್ಲಿ ಹೆತ್ತಳು. ಆ ಮಗುವೂ ಅಂಗೈಯಷ್ಟೇ. ಡಾಕ್ಟರರು ಮಾಸನ್ನು ಪರೀಕ್ಷೆಗೆ ಕಳುಹಿಸಿದರು. ಕೆಲವು ವಾರಗಳ ಮೇಲೆ ಕರೆದು ಹೇಳಿದರು: ಮಾಸಿನ ವರ್ಣತಂತುಗಳಲ್ಲಿ ದೋಷ ಉಂಟು, ಮಗುವಿನ ರಕ್ತದಲ್ಲಿ ಇಲ್ಲ. ಮಾಸು ಸರಿಯಾಗಿ ಉಣಿಸಲಿಲ್ಲ, ಅದಕ್ಕೇ ಮಗು ಸಣ್ಣದಾಯಿತು. ತಾಯಿಯ ತಪ್ಪು ಏನೂ ಇಲ್ಲ.

ಗಿರಿಜಕ್ಕ ಮನೆಗೆ ಬಂದದ್ದೇ ಅಂಗಳದಿಂದಲೇ ಕೂಗಿದರು. "ಕೇಳಿದೆಯಾ ಕುಶಲಾ? ನನ್ನ ಬೇಬಿಯದ್ದು ಎಂತದೂ ತಪ್ಪಿಲ್ಲವಂತೆ! ಎಲ್ಲ ಆ ಹಾಳು ಮಾಸಿನದ್ದು!"

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಕುಶಲಾ ಕೇಳಿಯೇಬಿಟ್ಟಳು. "ಮತ್ತೆ ನನ್ನದು, ಮಾಮಿ?"

"ನಿನ್ನದು ಬೇರೆ. ಮರ ಕಾಣುವುದಿಲ್ಲವಾ?"

"ಮರಕ್ಕೆ ಎಂತ ಗೊತ್ತು? ಗೊಬ್ಬರ ಯಾವುದಾದರೂ ಅದು ಬೆಳೆಯುತ್ತದೆ. ನನ್ನ ಮಾಸನ್ನು ಪರೀಕ್ಷೆ ಮಾಡಿದವರು ಯಾರು? ನೀವು ಮಣ್ಣಿಗೆ ಹಾಕಿದಿರಿ, ನನ್ನ ಮೇಲೂ ಮಣ್ಣು ಹಾಕಿದಿರಿ."

ಬಾಣಂತಿಯ ಎಳನೀರಿಗೆಂದು ಶೀನ ಅದೇ ಮರದಿಂದ ಇಳಿಸಿದ್ದ ಬೊಂಡದ ಗೊನೆಯ ಕಡೆ ಅತ್ತೆ ತಿರುಗಿ, "ಏ ಅರೆಹೊಟ್ಟೆ, ಕತ್ತಿ ತಾ," ಎಂದರು.

ಜಗಲಿಯಲ್ಲಿ ಕೂತಿದ್ದ ಜಲಜ ಎದ್ದಳು. ಕುಶಲಾ ಅವಳನ್ನು ಹಿಡಿದು ಕೂರಿಸಿ, ಕತ್ತಿಯನ್ನು ತಾನೇ ತಂದು ಮಡಿಲಲ್ಲಿಟ್ಟುಕೊಂಡಳು.

"ಅವಳಿಗೆ ಹೆಸರುಂಟು. ಕರೆಯಿರಿ, ಕೊಡುತ್ತೇನೆ."

ಒಳಗೆ ಬೇಬಿಯ ಮಗು ಅಳುತ್ತಿತ್ತು. ಗಿರಿಜಕ್ಕ ಗೊನೆಯಿಂದ ಒಂದು ಬೊಂಡ ತಿರುಚಿ ಕಿತ್ತರು.

"ಜಲಜಾ," ಎಂದರು ಕೊನೆಗೆ.

ಕುಶಲಾ ಕತ್ತಿ ಕೊಟ್ಟಳು. ಸಿಟ್ಟನ್ನು ಇಟ್ಟುಕೊಂಡಳು.