ಕುಂಕುಮ ಕಾಣದ ಹತಾರಗಳು

ಆಗ ನನಗೆ ಇಪ್ಪತ್ತೆಂಟು. ಈಗ ಎಪ್ಪತ್ತು ದಾಟಿದೆ. ನಡುವೆ ನಲವತ್ತು ವರ್ಷಕ್ಕೂ ಮೇಲೆ ಹೋಗಿವೆ.

ಮೊನ್ನೆ ಅಮಾವಾಸ್ಯೆಯ ದಿನ ಮೊಮ್ಮಗಳಿಗೆ ಒಂದು ರಟ್ಟಿನ ಡಬ್ಬಿ ಬಂತು. ಫೋನಿನಲ್ಲಿ ನೋಡಿ ತರಿಸಿದ್ದಳು. ನಡುಮನೆಯ ಹಳೇ ಕಪಾಟಿಗೆ ತಿಳಿನೀಲಿ ಬಣ್ಣ ಹಚ್ಚುತ್ತಾಳಂತೆ. ಡಬ್ಬಿಯಲ್ಲಿ ತಿಕ್ಕುವ ಕಾಗದ, ಅದನ್ನು ಸುತ್ತಿ ಹಿಡಿಯಲು ಸ್ಪಂಜಿನ ತುಂಡು, ದಪ್ಪ ತೆಳು ಬ್ರಷ್ಷುಗಳು, ಬಣ್ಣದ ಡಬ್ಬಿ, ಮೆತ್ತನೆಯ ಬಟ್ಟೆ, ಒಂದು ಸಣ್ಣ ಬಾಟಲಿ. ಬಾಟಲಿಯ ಮುಚ್ಚಳ ತಿರುವಿದಳು. ಅಗಸೆ ಎಣ್ಣೆ! ವಾಸನೆ ಮೂಗಿಗೆ ಬಡಿದದ್ದೇ ತಡ, ಬಡಿಗೇರ ಅಕ್ಕ ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ಹೀಗೆ ಹೇಳಿದ್ದು ಅಕ್ಕನಿಗೆ ತಿಳಿದರೆ ಬೈಯುತ್ತಾಳೆ. "ಎಣ್ಣಿ ವಾಸನಿ ಬಂದ್ರ ಎಣ್ಣಿ ಬಂತು ಅನ್ನು. ನಾ ಯಾಕ ಬರ್ಲಿ, ನನಗೇನ ಬ್ಯಾರೆ ಕೆಲಸ ಇಲ್ಲೇನು?" ಅನ್ನುವ ಹೆಂಗಸು ಅವಳು.

ಬನಹಟ್ಟಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ಈ ಕಡೆ ನನ್ನ ಗಂಡನ ಕೈಮಗ್ಗ, ಆ ಕಡೆ ಬಡಿಗೇರ ಮಾಮಾನ ಕರಗಸ. ಹಗಲೆಲ್ಲ ಎರಡೂ ಸದ್ದು. ಮಾಮಾ ಎಂದರೆ ಅಕ್ಕನ ಗಂಡ. ಕಟ್ಟಿಗೆ ಕೊಯ್ಯುವುದು, ರಂದಾ ಹೊಡೆದು ನುಣುಪು ಮಾಡುವುದು, ಉಳಿ ಹಿಡಿದು ಹೂವು ಬಳ್ಳಿ ತೆಗೆಯುವುದು, ಬೆಸೆದು ನಿಲ್ಲಿಸುವುದು ಮಾಮಾನ ಕೆಲಸ. ಅಲ್ಲಿಂದ ಮುಂದಿನದೆಲ್ಲ ಅಕ್ಕನದು. ಮೊಳೆ ಬಡಿದ ತೂತು ಮುಚ್ಚುವುದು, ತಿಕ್ಕುವುದು, ಪಾಲಿಶ್ ಕೊಡುವುದು, ಬಣ್ಣ ಹಚ್ಚುವುದು. ಗಿರಾಕಿಗಳು ಮಾಮಾನ ಕೈ ಹೊಗಳುತ್ತಿದ್ದರು. ಅವರು ಸವರಿ ನೋಡುತ್ತಿದ್ದದ್ದು ಅಕ್ಕನ ಕೆಲಸವನ್ನು.

ಅಕ್ಕನ ಸಾಮಾನು ಬಹಳ ಇರಲಿಲ್ಲ. ಒಡೆದ ಕಿಟಕಿಯ ಗಾಜಿನ ಚೂರು ಮೊದಲು. ಅದರ ಅಂಚನ್ನು ಕಟ್ಟಿಗೆಯ ಮೇಲೆ ಸ್ವಲ್ಪ ಓರೆ ಹಿಡಿದು ಎಳೆದರೆ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಹೆರೆದು ಬರುತ್ತದೆ. ತಿಕ್ಕುವ ಕಾಗದ ಅದರ ಮುಂದೆ ಏನೂ ಅಲ್ಲ, ನಾನು ಎರಡೂ ಹಿಡಿದು ನೋಡಿದ್ದೇನೆ. ಆಮೇಲೆ ಒಂದು ಹಿತ್ತಾಳೆ ಬೋಗುಣಿ. ಅದರಲ್ಲಿ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಅಗಸೆ ಎಣ್ಣೆಯ ಸೀಸೆ, ಕೂದಲು ಉದುರಿ ಅರ್ಧಕ್ಕೆ ಬಂದ ಒಂದು ಬ್ರಷ್ಷು. ಮತ್ತೆ ನಮ್ಮ ಮಗ್ಗದಿಂದ ಬೀಳುವ ನೂಲಿನ ತುಣುಕು. ಅದನ್ನು ಉಂಡೆ ಕಟ್ಟಿ, ಹಳೇ ಧೋತರದ ಬಟ್ಟೆಯಲ್ಲಿ ಸುತ್ತಿ, ಅರಗಿನ ನೀರಲ್ಲಿ ಅದ್ದಿ ತಿಕ್ಕುತ್ತಿದ್ದಳು. ಆ ಉಂಡೆಗೇ ಚಿಂದಿ ಅನ್ನುತ್ತಿದ್ದಳು. ಆ ನೂಲು ಕೊಡಲು ಹೋಗಿಯೇ ನಾನು ಅವಳ ಪಕ್ಕ ಕೂತು ಕೆಲಸ ಕಲಿತದ್ದು. ಶಾಲೆಯಲ್ಲಿ ನಾನು ಎರಡನೇ ಇಯತ್ತೆ ದಾಟಲಿಲ್ಲ. ಪಾಲಿಶಿನಲ್ಲಿ ಮಾತ್ರ ನಮ್ಮ ಓಣಿಯಲ್ಲಿ ಇವತ್ತಿಗೂ ನನ್ನನ್ನು ಮೀರಿಸುವವರಿಲ್ಲ.

"ಚಿಂದಿಗಿ ಒಂದ ಹನಿ ಎಣ್ಣಿ ಕುಡಸಬೇಕು. ಇಲ್ಲಂದ್ರ ಹಿಡಕೋತೈತಿ. ಮತ್ತ ಕೈ ಎಲ್ಲೂ ನಿಂದರಬಾರದು. ನಿಂತಿ ಅಂದ್ರ ಅಲ್ಲೆ ಅಂಟ್ತೈತಿ ನೋಡು ತಂಗಿ" ಎನ್ನುತ್ತಿದ್ದಳು. ಹೀಗೆ ಹೇಳುವಾಗಲೂ ಅವಳ ಕೈ ನಿಲ್ಲುತ್ತಿರಲಿಲ್ಲ.

ಉಳಿದವರ ಕೈ ನಿಂತರೂ ಅವಳ ಕೈ ನಿಲ್ಲದ ಒಂದು ದಿನವಿತ್ತು. ಅಮಾವಾಸ್ಯೆ. ನಮ್ಮ ಕಡೆ ಬಡಿಗೇರರು ಅಮಾವಾಸ್ಯೆಗೆ ಹತಾರ ಮುಟ್ಟುವುದಿಲ್ಲ. ಹತಾರ ಎಂದರೆ ಅವರು ದುಡಿಯುವ ಉಳಿ, ಬಾಚಿ, ರಂದಾ, ಕರಗಸ. ಅವಕ್ಕೆ ಆ ದಿನ ವಿಶ್ರಾಂತಿ. ಮಾಮಾ ಸ್ನಾನ ಮಾಡಿ, ಮಡಿ ಧೋತರ ಉಟ್ಟು, ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂಡುತ್ತಿದ್ದ. ಅಕ್ಕ ಹಿತ್ತಲಲ್ಲಿ ಗಾಜು ಹಿಡಿದು ಹೆರೆಯುತ್ತಿದ್ದಳು. ಅವಳದು ಹತಾರವಲ್ಲವಲ್ಲ! ನಮ್ಮ ಮನೆಯಲ್ಲೂ ಅದೇ ಕಥೆ. ಗಂಡನ ಮಗ್ಗ ಅಮಾವಾಸ್ಯೆಗೆ ನಿಲ್ಲುತ್ತಿತ್ತು, ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುವ ನನ್ನ ರಾಟಿ ತಿರುಗುತ್ತಲೇ ಇತ್ತು. ನನಗೆ ಇದು ತಪ್ಪು ಎನ್ನಿಸಿಯೇ ಇರಲಿಲ್ಲ. ಅಕ್ಕನಿಗೆ ಎನ್ನಿಸಿತ್ತು.

ಮಹಾನವಮಿಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಮಾಮಾ ಹತಾರಗಳನ್ನೆಲ್ಲ ತೊಳೆದು, ಒಗೆದ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಕುಂಕುಮ ಹಚ್ಚುತ್ತಿದ್ದ. ಒಂದು ವರ್ಷ ಅಕ್ಕ ತನ್ನ ಬೋಗುಣಿಯನ್ನು ಬೆಳಗಿ ಆ ಸಾಲಿನ ತುದಿಗೆ ಇಟ್ಟಳು. ಕಾಯಿ ತಗೊಂಡು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ.

"ಬೋಗೋಣಿ ಇಲ್ಲ್ಯಾಕ ಬಂತು?" ಎಂದ ಮಾಮಾ. ಸಿಟ್ಟೇನೂ ಇರಲಿಲ್ಲ. ಅಡುಗೆಮನೆಯದು ತಪ್ಪಿ ಬಂದಿದೆ ಎಂದುಕೊಂಡವನಂತೆ ಎತ್ತಿ ಕಿಟಕಿಯಲ್ಲಿಟ್ಟ. ಪೂಜೆ ಆಯಿತು, ಕಾಯಿ ಒಡೆದರು, ಅಕ್ಕ ನನಗೆ ಪ್ರಸಾದ ಕೊಟ್ಟಳು. ಮುಖ ಮಾತ್ರ ರಂದಾ ಹೊಡೆದ ಹಲಗೆಯ ಹಾಗೆ ಸಪಾಟಾಗಿತ್ತು...

ಮುಂದಿನ ವರ್ಷ ಮುಧೋಳದ ಒಬ್ಬ ನಿವೃತ್ತ ಮಾಸ್ತರರು ಸಾಗವಾನಿಯ ದೇವರ ಮಂಟಪ ಮಾಡಲು ಹೇಳಿದರು. ನವರಾತ್ರಿಯ ಮೊದಲ ದಿನ ಅದರಲ್ಲೇ ಘಟ, ಅಂದರೆ ದೇವಿಯ ಕಲಶ, ಕೂಡಬೇಕು, ಆ ದಿನ ಮುಂಜಾನೆ ಟೆಂಪೊ ತಂದು ಒಯ್ಯುತ್ತೇವೆ ಎಂದಿದ್ದರು. ಮಾಮಾ ಅಂಥ ದೊಡ್ಡ ಕೆಲಸ ಹಿಂದೆ ಮಾಡಿರಲಿಲ್ಲ. ಇದು ಚೆನ್ನಾಗಿ ಬಂದರೆ ಮುಧೋಳ, ಜಮಖಂಡಿಯ ದೊಡ್ಡ ಮನೆಗಳ ಕೆಲಸ ಬರುತ್ತದೆ ಎಂದು ಓಣಿಗೆಲ್ಲ ಹೇಳಿದ್ದ. ಆದರೆ ಮಳೆ ಹಿಡಿದು ಕಟ್ಟಿಗೆ ಬೇಗ ಆರಲಿಲ್ಲ. ಮಂಟಪ ಬೆಸೆದು ನಿಂತದ್ದು ಚತುರ್ದಶಿಯ ಸಂಜೆಗೆ. ಮರುದಿನ ಮಹಾಲಯ, ನಮ್ಮ ಕಡೆಯ ಮಾತಲ್ಲಿ ಮಹಾನವಮಿ ಅಮಾವಾಸ್ಯೆ. ಅದರ ಮರುದಿನವೇ ಘಟ. ಪಾಲಿಶಿಗೆ ಉಳಿದದ್ದು ಅಮಾವಾಸ್ಯೆಯೊಂದೇ.

ಮಾಮಾನಿಗೆ ಚಿಂತೆ ಇರಲಿಲ್ಲ. ಅಮಾವಾಸ್ಯೆಗೆ ಅಕ್ಕ ದುಡಿಯುವವಳೇ. ನೂಲಿನ ತುಣುಕು ಕೊಡಲು ನಾನು ಮುಂಜಾನೆ ಹೋದಾಗ ಅಕ್ಕ ತಲೆ ಮೇಲೆ ನೀರು ಹಾಕಿಕೊಂಡು, ಮಡಿಕೆ ಮುರಿಯದ ಇಳಕಲ್ಲ ಸೀರೆ ಉಟ್ಟು, ಕಟ್ಟೆಯ ಮೇಲೆ ಮಾಮಾನ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಳು. ಬಾಯಲ್ಲಿ ಎಲೆ.

"ಹೊತ್ತು ಏರಾಕತ್ತೈತಿ. ಏಳಲೇ, ಮಂಟಪ ಹಂಗ ನಿಂತೈತಿ" ಎಂದ ಮಾಮಾ.

"ಇವತ್ತ ಅಮಾಸಿ. ನನ್ನ ಹತಾರ ಕೂತಾವ್ರಿ."

"ನಿನ್ನವು ಯಾವ ಹತಾರ? ಒಂದ ಗಾಜಿನ ಚೂರು, ಒಂದ ಚಿಂದಿ!"

"ಹತಾರ ಅಲ್ಲಂತೀರಿ?"

"ಅಲ್ಲ."

"ಆತ ಬಿಡ್ರಿ. ಅಲ್ಲಂದ ಮ್ಯಾಲ ನೀವೂ ಮುಟ್ಟಬಹುದು. ಅಮಾಸಿ ಅಡ್ಡ ಬರೂದಿಲ್ಲ. ಹೋಗಿ ತಿಕ್ರಿ."

ನನಗೆ ನಗು ತಡೆಯಲಿಲ್ಲ, ಸೆರಗು ಬಾಯಿಗೆ ಹಿಡಿದೆ. ಮಾಮಾ ನನ್ನನ್ನೂ ನೋಡಿದ, ಅಕ್ಕನನ್ನೂ ನೋಡಿದ. ಬೈದ. ಮಾಸ್ತರರು ನಾಳೆ ಬಂದು ಮುಖಕ್ಕೆ ಉಗಿಯುತ್ತಾರೆ ಎಂದ. ದೇವರ ಕೆಲಸ ಎಂದ. ಅಕ್ಕ ಎಲೆಗೆ ಸುಣ್ಣ ಸವರುತ್ತಾ ಕೂತಳು. ಕೊನೆಗೆ ಹಟಕ್ಕೆ ಬಿದ್ದು ಮಾಮಾ ಎದ್ದ. "ಹೆಂಗಸ್ರು ಮಾಡೂ ಕೆಲಸ ನನಗ ಬರೂದಿಲ್ಲೇನು?" ಎಂದು ಧೋತರ ಮೇಲೆ ಕಟ್ಟಿ, ಮಂಟಪವನ್ನು ಪಡಸಾಲೆಯ ಬೆಳಕಿಗೆ ಎಳೆದು, ಬೋಗುಣಿ ಹಿಡಿದು ಕೂತ.

ಬಲಗಡೆಯ ಹಲಗೆಯಿಂದ ಶುರು ಮಾಡಿದ. ಕೈಯಲ್ಲಿ ಬಲ ಇತ್ತು, ಬೇಕಾದದ್ದಕ್ಕಿಂತ ಜಾಸ್ತಿ ಇತ್ತು. ಚಿಂದಿಗೆ ಎಣ್ಣೆ ಕುಡಿಸಲಿಲ್ಲ. ನಾನು ಹೇಳಲು ಹೊರಟೆ, ಅಕ್ಕ ಕಣ್ಣಲ್ಲೇ ಬೇಡ ಎಂದಳು.

ಅಷ್ಟರಲ್ಲಿ ಓಣಿಯಲ್ಲಿ ಅಕ್ಕಸಾಲಿ ಅಜ್ಜ ಬಂದ. ಬಡಿಗೇರರೂ ಅಕ್ಕಸಾಲಿಗರೂ ಒಂದೇ ಮಂದಿ, ಅವರಲ್ಲಿ ಇವನು ಹಿರಿಯ. ಅಮಾವಾಸ್ಯೆಗೆ ಅವನೂ ಸುತ್ತಿಗೆ ಮುಟ್ಟುವವನಲ್ಲ. ಬಾಗಿಲಲ್ಲಿ ಕೋಲು ಊರಿ ನಿಂತ.

"ಏನೋ ಬಡಿಗ್ಯಾ, ಅಮಾಸಿ ದಿನ ಹತಾರ ಹಿಡದು ಕುಂತೀಯಲ್ಲ? ನಿಮ್ಮಪ್ಪ ಹಿಂಗ ಮಾಡಿದ್ದು ನಾ ಎಂದೂ ನೋಡಿಲ್ಲ."

"ಇದು ಹತಾರ ಅಲ್ರೀ ಅಜ್ಜಾರ."

"ಮತ್ತ ಅದರಲೆ ಏನ ಮಾಡಾಕತ್ತಿ?"

"ಪಾಲಿಶ್ ಕೆಲಸ..."

"ಕೆಲಸ ಮಾಡೂ ಸಾಮಾನ ಹತಾರ ಅಲ್ಲಂದ್ರ ಮತ್ತೇನ ಅದು, ಊಟದ ತಾಟ?"

ಮಾಮಾ ಅಜ್ಜನ ಕಡೆ ತಿರುಗಿದ. ಕೈ ನಿಂತಿತು. ಚಿಂದಿ ಹಲಗೆಯ ನಡುಮಧ್ಯದಲ್ಲಿ ಕೂತುಬಿಟ್ಟಿತು. ನೆನಪಾಗಿ ಎಳೆದಾಗ ನೂಲಿನ ಎಳೆ ಅಂಟಿ ಬಂತು, ಕೆಳಗಿನ ಹೊಳಪೂ ಕಿತ್ತು ಬಂತು. ಅಂಗೈ ಅಗಲದ ಕಲೆ. ಹಸಿ ಇದ್ದಾಗಲೇ ಅದರ ಮೇಲೆ ಮತ್ತೆ ತಿಕ್ಕಿದ. ಕಲೆ ಹಿಗ್ಗಿತು. ಅಜ್ಜ ಒಂದು ಸಲ ಹಲಗೆ ನೋಡಿ, ಒಂದು ಸಲ ಕಟ್ಟೆಯ ಮೇಲಿದ್ದ ಅಕ್ಕನನ್ನು ನೋಡಿ, ಗಂಟಲು ಸರಿಪಡಿಸಿಕೊಂಡು ಹೋದ.

ಮಾಮಾ ಬೋಗುಣಿ ಕೆಳಗಿಟ್ಟ. ಮಂಟಪದ ಮುಂದೆ ಕುಕ್ಕರಗಾಲಲ್ಲಿ ಕೂತ. ಆಗ ನನಗೂ ಕೆಡುಕೆನಿಸಿತು. ಅವನ ಕೈಯ ಬಳ್ಳಿ ಹೂವು ಮಂಟಪದ ಮೇಲೆ ಅಷ್ಟು ಚೆಂದ ಬಂದಿತ್ತು.

"ಈಗೇನ ಮಾಡೂದು?" ಎಂದ, ಯಾರ ಕಡೆಯೂ ನೋಡದೆ.

"ನಾಳೆ ನಸುಕಿನ್ಯಾಗ ಏಳ್ತೀನಿ. ಇವತ್ತ ಏಳೂದಿಲ್ಲ" ಎಂದಳು ಅಕ್ಕ. ಆಮೇಲೆ ಒಳಗೆ ಹೋಗಿ ಅವನಿಗೆ ಹೋಳಿಗೆ ಬಡಿಸಿದಳು, ತುಪ್ಪವನ್ನೂ ಹಾಕಿದಳು. ಅವನು ಉಂಡ.

ಮರುದಿನ ನಸುಕಿನಲ್ಲಿ ಗೋಡೆ ತಟ್ಟಿ ನನ್ನನ್ನೂ ಕರೆದಳು. ನಾನು ರಾಟಿ ಬಿಟ್ಟು ಹೋದೆ. ಕೆಟ್ಟ ಹಲಗೆಯನ್ನು ಗಾಜಿನಿಂದ ಕಟ್ಟಿಗೆ ಕಾಣುವವರೆಗೂ ಹೆರೆದಳು. ನಾನು ಕಂಬಗಳನ್ನು ತಿಕ್ಕಿದೆ. ಮಾಮಾ ತಾನೇ ಚಿಂದಿ ಉಂಡೆ ಕಟ್ಟಿ ಕೊಟ್ಟ, ಎಣ್ಣೆ ಕುಡಿಸಿ ಕೊಟ್ಟ. ಅಕ್ಕನ ಕೈ ಹಲಗೆಯ ಮೇಲೆ ಓಡಿತು ನೋಡಿ... ಅದನ್ನು ನಾನು ಹೇಗೆ ಹೇಳಲಿ. ಕೂತ ನೊಣ ಎದ್ದು ಹೋದಂತೆ ಹಗುರ. ಕೈ ಮುಟ್ಟಿದಲ್ಲೆಲ್ಲ ಕಟ್ಟಿಗೆಯ ಗೆರೆ ಎದ್ದು ಬರುತ್ತಿತ್ತು.

"ಹಿಂದಿನ ಹಲಗಿ ಗ್ವಾಡಿಗೆ ಹೋಗ್ತೈತಿ. ಅದಕ್ಕ ಒಂದ ಕೈ ಸಾಕು. ದೇವರು ಹಿಂದ ತಿರುಗಿ ನೋಡೂದಿಲ್ಲ" ಎಂದು ನಕ್ಕಳು.

ಟೆಂಪೊ ಬಂದು ಬಾಗಿಲಲ್ಲಿ ನಿಂತಾಗ ಎಡಗಡೆಯ ಕಂಬ ಇನ್ನೂ ಉಳಿದಿತ್ತು. ಮಾಸ್ತರರಿಗೆ ಮಾಮಾ ಚಹಾ ತರಿಸಿ, ಮಳೆಯ ಮಾತು, ಕಟ್ಟಿಗೆಯ ಮಾತು ಆಡಿ ಹೊತ್ತು ಕಳೆದ. ಮಾಸ್ತರರ ಹೆಂಡತಿ ಮಾತ್ರ ನೇರ ಒಳಗೇ ಬಂದರು. ಒಣಗಿದ ಹಲಗೆಯ ಮೇಲೆ ಬೆರಳಾಡಿಸಿದರು. ಹಿಂದಿನ ದಿನ ಕಲೆ ಇದ್ದ ಜಾಗದಲ್ಲೇ.

"ಮುಖ ಕಾಣ್ತೈತಲ್ರಿ ಇದರಾಗ! ಎಷ್ಟ ಛಲೋ ಕೈ ನಿಮ್ಮದು" ಎಂದರು, ಹಿಂದೆಯೇ ಬಂದ ಮಾಮಾನಿಗೆ.

ಅಕ್ಕ ತಲೆ ಎತ್ತಲಿಲ್ಲ. ಕಂಬ ತಿಕ್ಕುತ್ತಲೇ ಇದ್ದಳು. ಅವಳ ಕಿವಿ ಮಾತ್ರ ಇತ್ತ ಇತ್ತು ಎಂಬುದು ನನಗೆ ಗೊತ್ತು.

"ಬಳ್ಳಿ ಹೂ ನಂದ್ರಿ" ಎಂದ ಮಾಮಾ. "ಹೊಳಪು ಮನ್ಯಾಗಿನಾಕಿದು. ಆಕಿ ಹತಾರ ಬ್ಯಾರೆ."

ಅಷ್ಟೇ. ಕಂಬವೂ ಆದಮೇಲೆ ಮಂಟಪ ಟೆಂಪೊ ಏರಿತು, ಮುಧೋಳಕ್ಕೆ ಹೋಯಿತು. ಘಟಕ್ಕೆ ತಡವಾಗಲಿಲ್ಲವೆಂದು ಆಮೇಲೆ ಹೇಳಿ ಕಳಿಸಿದರು.

ಆ ವರ್ಷದ ಖಂಡೆ ಪೂಜೆಗೆ ಅಕ್ಕ ತನ್ನ ಸಾಮಾನನ್ನು ತಾನಾಗಿ ಇಡಲಿಲ್ಲ. ಮಾಮಾ ಕರಗಸ, ರಂದಾ, ಉಳಿ ಎಲ್ಲ ಜೋಡಿಸಿ, ತುದಿಯಲ್ಲಿ ಒಂದಿಷ್ಟು ಜಾಗ ಬಿಟ್ಟು, "ತಾ ಅವನ್ನ" ಎಂದ. ತಂದಳು. ಬೋಗುಣಿ, ಎಣ್ಣೆ ಸೀಸೆ, ಬೋಳು ಬ್ರಷ್ಷು, ಗಾಜಿನ ಚೂರು, ಚಿಂದಿ. ಮಾಮಾ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿದ. ಚಿಂದಿಗೂ ಧಾರಾಳವಾಗಿ ಹಚ್ಚಿದ. ಅಕ್ಕ ಕೈಮುಗಿದು ನಿಂತವಳು ಒಮ್ಮೆಲೇ ಕಿರುಚಿದಳು.

"ಅಯ್ಯ ನಿಮ್ಮ! ಚಿಂದಿಗ್ಯಾಕ ಹಚ್ಚಿದ್ರಿ? ಇನ್ನ ತಿಕ್ಕಿದಲ್ಲೆಲ್ಲ ಹಳದಿ ಬಿಡ್ತೈತಿ. ಕೆಲಸಕ್ಕ ಬಾರದಂಗ ಪೂಜಿ ಮಾಡ್ತಾರೇನು?"

ಮಾಮಾ ನಕ್ಕ. ನಾನು ಮನೆಗೆ ಹೋಗಿ ಹೊಸ ನೂಲು ತಂದುಕೊಟ್ಟೆ.

ಮುಂದಿನ ಅಮಾವಾಸ್ಯೆಯಿಂದ ನಾನೂ ರಾಟಿಗೆ ಕೈ ಹಚ್ಚಲಿಲ್ಲ. ಗಂಡ ಯಾಕೆಂದು ಕೇಳಿದ. "ಬಡಿಗೇರ ಮಾಮಾನ್ನ ಕೇಳಿ ಬರ್ರಿ" ಎಂದೆ. ಅವನು ಕೇಳಲು ಹೋಗಲಿಲ್ಲ. ಕಟ್ಟೆಯ ಮೇಲೆ ನಾನೂ ಅಕ್ಕನೂ ಕಾಲು ಚಾಚಿ ಕೂತು ತಿಂದ ಎಲೆಅಡಿಕೆಯ ರುಚಿ...

ಆಮೇಲೆ ಓಣಿಗೆ ವಿದ್ಯುತ್ ಮಗ್ಗ ಬಂದವು, ಅಂಗಡಿಗೆ ರೆಡಿಮೇಡ್ ಕಪಾಟು ಬಂದವು. ಮಾಮಾ ಹೋದ. ಅಕ್ಕ ಮಹಾಲಿಂಗಪುರಕ್ಕೆ ಮಗಳ ಮನೆಗೆ ಹೋದಳು. ಅಲ್ಲೇ ತೀರಿಕೊಂಡಳು. ನನಗೆ ಸುದ್ದಿ ಬರುವಷ್ಟರಲ್ಲಿ ದಿನಕರ್ಮವೂ ಮುಗಿದಿತ್ತು. ಆದರೂ ಬಸ್ಸು ಹತ್ತಿ ಹೋಗಿ ಬಂದೆ. ಬೋಗುಣಿ ಕೇಳಿದೆ. ಹಳೇ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಿದೆವು ಎಂದಳು ಮಗಳು. ಅವಳನ್ನು ಬೈಯಲು ನಾನ್ಯಾರು? ಅರಗು ಹಿಡಿದು ಕಪ್ಪಾದ ಬೋಗುಣಿ, ಗೊತ್ತಿಲ್ಲದವರಿಗೆ ಮೋಡಕಾವೇ. ಅಕ್ಕನದು ಅಂತ ನನ್ನ ಮನೆಯಲ್ಲಿ ಉಳಿದದ್ದು ಅವಳು ತಿಕ್ಕಿಕೊಟ್ಟ ಈ ಕಪಾಟಿನ ಹೊಳಪೊಂದೇ. ಅದೂ ಈಗ ಮಾಸಿದೆ. ಮೊಮ್ಮಗಳು ನೀಲಿ ಹಚ್ಚಿದರೆ ಅದೂ ಹೋಗುತ್ತದೆ. ಹೋಗಲಿ. ಕಟ್ಟಿಗೆ ಉಳಿಯಬೇಕಾದರೆ ಮೇಲೆ ಏನಾದರೂ ಹಚ್ಚಲೇಬೇಕು.

"ಇವತ್ತ ಶುರು ಮಾಡ್ಲೇನ ಆಯಿ?" ಎಂದಳು ಮೊಮ್ಮಗಳು, ಬ್ರಷ್ಷು ಹಿಡಿದು.

"ಬ್ಯಾಡ. ಇವತ್ತ ಅಮಾಸಿ. ಅವು ಕೂಡ್ಲಿ."

"ಬ್ರಷ್ಷಿಗೂ ಅಮಾಸಿ ಐತೇನ?"

"ಐತಿ. ಒಬ್ಬಾಕಿ ಗಂಡನ ಕೂಡ ಜಗಳಾಡಿ ತಂದಾಳ."

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲು ನಾನೆದ್ದೆ. ಡಬ್ಬಿಯ ಸಾಮಾನನ್ನೆಲ್ಲ ದೇವರ ಮುಂದೆ ಸಾಲಾಗಿ ಇಟ್ಟೆ. ಹಿತ್ತಲಲ್ಲಿ ಬಿದ್ದಿದ್ದ ಒಡೆದ ಗಾಜಿನ ಒಂದು ಚೂರನ್ನು ತೊಳೆದು ತಂದು ಅವುಗಳ ಪಕ್ಕದಲ್ಲಿಟ್ಟೆ. ಖಂಡೆ ಪೂಜೆಗೆ ಇನ್ನೂ ತಿಂಗಳುಗಳಿವೆ, ಅಲ್ಲಿಯವರೆಗೆ ಕಾಯಲು ನನಗೆ ಪುರುಸೊತ್ತಿಲ್ಲ. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಬಟ್ಟೆಗೆ ಮಾತ್ರ ಹಚ್ಚಲಿಲ್ಲ.